ಚೀಟಿ

ವಿನೆಗರ್ ಹಚ್ಚಿ ಒಂದು ನಿಮಿಷ ಕಾದೆವು.
ಗರ್ಭಕೊರಳ ಅಂಚಿನಲ್ಲಿ
ಬೆಳ್ಳಗೆ ಮೂಡಿತು, ಹಾಲು ಚೆಲ್ಲಿದ ಕಲೆಯಷ್ಟು.

ಎಸ್ನಾತ್ ಚಿಟೆಂಜೆ ಬಿಗಿದುಕೊಂಡು ಎದ್ದು ಕೂತಳು.
ಝೋಂಬಾ ಸಂತೆಯಲ್ಲಿ ಒಣಮೀನು ಮಾರುವ ಕೈ,
ಉಗುರಲ್ಲಿನ್ನೂ ಉಪ್ಪು.
"ನನ್ನ ಗಂಡ ಬ್ಯಾಂಕಿನ ರಾತ್ರಿ ಕಾವಲು, ಸಿಸ್ಟರ್.
ಒಳಗೂ ಒಬ್ಬ ಕಾವಲಿನವ ಇರ್ತಾನೆ ಅಂದಿರಲ್ಲ,
ನಿದ್ದೆ ಹೋದನಾ?"

ಇಲ್ಲಮ್ಮ. ಎಚ್ಚರವಾಗಿಯೇ ಇದ್ದ.
ಪಿ ಐವತ್ಮೂರು ಅಂತ ಹೆಸರು, ಹೆಸರೇನು, ನಂಬರು.
ಕೆಟ್ಟ ನಕಲು ಕಂಡರೆ ತಡೆಯುವವ,
ತಡೆದರೂ ನಿಲ್ಲದಿದ್ದರೆ ಮುಗಿಸುವವ.
ಬಂದ ವೈರಸ್ಸು ಅವನಿಗೆ ಹೊಡೆಯಲಿಲ್ಲ.
ಬೆನ್ನಿಗೊಂದು ಚೀಟಿ ಅಂಟಿಸಿತು: ಕಸ.
ಅಂಟು ನಿನ್ನ ಮನೆಯದೇ.
ಕಸ ಒಯ್ಯುವವರೂ ನಿನ್ನವರೇ.
ಅದರದೇ ಇನ್ನೊಂದು ಕೈ
ಅಗುಳಿ ಹಿಡಿದು ನಿಂತಿದೆ, ಬಾಗಿಲು ಹಾಕಗೊಡದೆ.

ಬೇಲಿ ಎದ್ದು ಹೊಲ ಮೇಯಲಿಲ್ಲ, ಎಸ್ನಾತ್.
ಮನೆಯವರೇ ಬೇಲಿ ಕಿತ್ತು ಒಲೆಗಿಟ್ಟರು
ಯಾರೋ ಹೇಳಿದರೆಂದು.

"ಹಾಗಾದರೆ ಅವನನ್ನು ಬಯ್ಯುವ ಹಾಗಿಲ್ಲ"
ಎಂದಳು, ಬಹಳ ಹೊತ್ತಿನ ಮೇಲೆ.
ಸೊಂಟದ ಗಂಟು ಬಿಚ್ಚಿ
ನಾಲ್ಕು ಮಡಿಕೆಯ ಕಾಗದ ತೆಗೆದಳು,
ಮೀನು ವಾಸನೆಯದು.
"ಮಗಳ ಶಾಲೆಯಿಂದ ಬಂದಿದೆ,
ಮಂಗಳವಾರ ಲಸಿಕೆಯಂತೆ.
ಸಹಿ ಎಲ್ಲಿ ಹಾಕಲಿ?"