ಹವಾಲ್ದಾರ

ಡಾಕ್ಟರಮ್ಮ ಒಂದು ಹನಿ ರಕ್ತ ಪಟ್ಟಿಯ ಮೇಲೆ ಬಿಟ್ಟು
ಹತ್ತು ನಿಮಿಷ ಕಾಯಿರಿ ಅಂದಳು.
ಎರಡು ಗೆರೆ ಬಂತು.
ನಾದಿನಿಗೆ ಎರಡು ಗೆರೆ ಬಂದ ದಿನ
ನಾವು ಓಣಿಗೆಲ್ಲ ಪೇಡೆ ಹಂಚಿದ್ದೆವು.

"ಯಾವುದೋ ಗಂಡುಬೆಕ್ಕು ಕಚ್ಚಿರಬೇಕು.
ನಿಮಗೆ ಬರೋದಿಲ್ಲ, ಮಕ್ಕಳಿಗೂ ಬರೋದಿಲ್ಲ,
ಬೆಕ್ಕಿನದು ಬೆಕ್ಕಿಗೇ.
ಹೊರಗೆ ಬಿಡಬೇಡಿ. ವರ್ಷಗಟ್ಟಲೆ ಬದುಕಬಹುದು."

ಹವಾಲ್ದಾರ ಅಂತ ಹೆಸರಿಟ್ಟದ್ದು ನಮ್ಮ ಮಾವ.
ಭತ್ತದ ಚೀಲಗಳ ಮೇಲೆ ಬಾಲ ನೆಟ್ಟಗೆ ಮಾಡಿ ಗಸ್ತು,
ಬೆಳಗಿನ ಜಾವ, ಭಟ್ಟಿಗೆ ಹೊಟ್ಟು ಸುರಿಯುವ ಹೊತ್ತಿಗೆ
ಕಿವಿ ಹರಿದುಕೊಂಡು ವಾಪಸು.
ಗೆದ್ದನೋ ಸೋತನೋ, ಹೇಳಿದವನಲ್ಲ.

ಐದು ವರ್ಷ ಏನೂ ಆಗಲಿಲ್ಲ.
ದಾವಣಗೆರೆಯ ಹೊಗೆ ನಾವೂ ಕುಡಿದೆವು, ಅವನೂ ಕುಡಿದ.
ಕಿಟಕಿಯ ಜಾಲರಿಗೆ ಮೂಗು ಒತ್ತಿ ಒತ್ತಿ
ಜಾಲರಿಯೇ ಒಳಕ್ಕೆ ಬಾಗಿತ್ತು.
ಏನೂ ಆಗದಿರೋದೂ ಆ ಕಾಯಿಲೆಯ ಕೆಲಸವೇ
ಎಂದು ಆಗ ಗೊತ್ತಿರಲಿಲ್ಲ.

ಆಮೇಲೆ ಒಂದು ನೆಗಡಿ, ಸಂಕ್ರಾಂತಿಗೆ ಬಂದದ್ದು
ರಂಜಾನ್ ಮುಗಿದರೂ ಹೋಗಲಿಲ್ಲ.
ಮೂರು ದಿನದಲ್ಲಿ ಮುಚ್ಚಬೇಕಾದ ಗೀರು
ಮೂರು ತಿಂಗಳು ತೆರೆದೇ ಇತ್ತು.
ಆಮೇಲೆ ಬಾಯಿ.
ಹಸಿದು ತಟ್ಟೆಗೆ ಓಡಿಬರುವನು,
ಮೊದಲ ತುತ್ತಿಗೇ ಚೀರಿ ಹಿಂದಕ್ಕೆ ಹಾರುವನು,
ತಟ್ಟೆಯೇ ಕಚ್ಚಿದ ಹಾಗೆ.

ಪಕ್ಕದ ಭಟ್ಟಿಯ ಖುರ್ಷಿದಾ ಕೇಳಿದಳು, ದನಿ ಇಳಿಸಿ:
"ಬೆಕ್ಕಿಗೆ ಆ ಕಾಯಿಲೆಯಂತೆ?"
ಆ ಅನ್ನುವಾಗ ಸೆರಗು ಬಾಯಿಗೆ ಬಂತು.
ವಾರದೊಳಗೆ ಹರಿಹರದ ಅಂಗಡಿಯವನ ಫೋನು:
ಈ ಸಲ ಮಂಡಕ್ಕಿ ಬೇಡ.
ಬೆಕ್ಕಿನದು ಬೆಕ್ಕಿಗೇ, ಅಂದೆ.
"ಅದು ಸರೀನೇ ಐತಿ ಬಿಡ್ರಿ. ಆದ್ರೂ..."

ಆದ್ರೂ ಅನ್ನೋದಕ್ಕೆ
ಯಾವ ಪಟ್ಟಿಯಲ್ಲೂ ಗೆರೆ ಮೂಡೋದಿಲ್ಲ.

ಬುಟ್ಟಿಗೆ ಬಟ್ಟೆ ಕಟ್ಟಿ ಶಿವಮೊಗ್ಗದ ಬಸ್ಸು ಹತ್ತಿದೆ.
ಕಂಡಕ್ಟರ್ ಕೋಳಿ ಎಂದುಕೊಂಡು ಟಿಕೆಟ್ ಹರಿದ.
ಅಲ್ಲಿ ಹಲ್ಲೆಲ್ಲ ಕಿತ್ತರು, ಕೋರೆಯನ್ನೂ.
ಎಷ್ಟು ದಿನಕ್ಕೆ ಇದು ಸಾಕು ಎಂದರೆ
ನೋಡೋಣ ಅಂದರು.

ಈಗ ಹಾಲಲ್ಲಿ ನೆನೆಸಿದ ಮಂಡಕ್ಕಿ ತಿನ್ನುತ್ತಾನೆ,
ನಮ್ಮದೇ ಮಂಡಕ್ಕಿ, ವಾಪಸು ಬಂದ ಚೀಲದ್ದು.
ಬೆನ್ನ ಮೇಲೆ ಕೈಯಾಡಿಸಿದರೆ
ಮೂಳೆ ಒಂದೊಂದೇ ಸಿಗುತ್ತದೆ.

ನಿನ್ನೆ ರಾತ್ರಿ ಇಲಿ ಚೀಲ ಕೊರೆವ ಸದ್ದು.
ಹರಿದ ಕಿವಿ ನೆಟ್ಟಗಾಯಿತು.
ನನ್ನನ್ನು ನೋಡಿದ.
ನಾನೇ ಎದ್ದು, ಕೋಲು ಹಿಡಿದು
ಚೀಲದಿಂದ ಚೀಲಕ್ಕೆ ತಟ್ಟುತ್ತಾ ಒಂದು ಸುತ್ತು ಬಂದೆ.
ಮಲಗಿದಾಗ ಕಾಲ ಬಳಿ ಬಂದು ಬಿದ್ದುಕೊಂಡ.
ಗೆದ್ದೆಯೋ ಸೋತೆಯೋ,
ಅವನೂ ಕೇಳಲಿಲ್ಲ.