ಬೋಗುಣಿಯ ಅಗಲ

ಬೆಳಗಿನ ಐದೂ ಕಾಲು. ಕೊಂಡೆಲೆ ವೃತ್ತದ ಮೂಲೆಯಲ್ಲಿ
ಪ್ಲಾಸ್ಟಿಕ್ ಸ್ಟೂಲು, ರಟ್ಟಿನ ಹಲಗೆ, ದಾರ ಕಟ್ಟಿದ ಪೆನ್ಸಿಲು.
ಹತ್ತಿದವರಿಗೆಲ್ಲ ಒಂದೊಂದು ಗೀಟು,
ನಾಲ್ಕು ಗೀಟಿನ ಮೇಲೆ ಐದನೆಯದು ಅಡ್ಡ:
ಹೊರೆ ಕಟ್ಟಿದ ಸೌದೆಯ ಹಾಗೆ
ಹಾಳೆಯ ತುಂಬ ಜನ.
ಮಟಾಟುವಿನ ಬಾಗಿಲಿಗೆ ಜೋತ ಹುಡುಗನನ್ನು
ಎಣಿಸಬೇಕೆ ಎಂದು ಮೊದಲ ದಿನ ಕೇಳಿದ್ದೆ.
"ಒಂದು ಕಾಲು ಒಳಗಿದ್ದರೆ ಎಣಿಸು"
ಅಂದಿದ್ದಳು ಅವಿನೋ, ನನ್ನ ಮೇಲಧಿಕಾರಿ,
ನಗದೆ.

ಕಚೇರಿಯ ಗೋಡೆಯ ಮೇಲೆ ಕಿಸುಮು ಬೇರೆಯದೇ ಊರು.
ಅಹೇರೊದಿಂದ ಮಸೆನೊವರೆಗೆ ಕೆಂಪು ಗೆರೆ,
ಸರೋವರದ ಕಡೆಗೊಂದು ನೀಲಿ,
ಇನ್ನೂ ಮನೆ ಏಳದ ಕಬ್ಬಿನ ಗದ್ದೆಗಳೊಳಗೆ
ಚುಕ್ಕಿ ಚುಕ್ಕಿ ಹಸಿರು, ಮುಂದೆ ಹುಟ್ಟುವವರಿಗೆ.
ಆರುನೂರು ಮೀಟರಿಗೊಂದು ನಿಲ್ದಾಣ.
ಆರುನೂರು ಮೀಟರು ಅಂದರೆ ಎಷ್ಟು ಅಂತ
ಒಂದು ಭಾನುವಾರ ನಡೆದು ನೋಡಿದೆ:
ಎರಡು ಚರ್ಚಿನ ಹಾಡು, ಒಂದು ಪಂಕ್ಚರ್ ಅಂಗಡಿ,
ಬೇವಿನ ಮರಕ್ಕೆ ಕನ್ನಡಿ ನೇತುಹಾಕಿದ ಕ್ಷೌರಿಕ.
ಮರ ಬಸ್ಸಿನ ಪಥದ ನಟ್ಟನಡುವೆ ಇದೆ,
ಅವನಿಗಿನ್ನೂ ಗೊತ್ತಿಲ್ಲ.
ಅಲ್ಲೇ ಕೂತು ಗಡ್ಡ ಬೋಳಿಸಿಕೊಂಡೆ.
ಕತ್ತಿ ಕುತ್ತಿಗೆಯ ಮೇಲಿರುವಾಗ ಆಡುವ ಮಾತಲ್ಲ ಅದು.
ಆಮೇಲೂ ಆಡಲಿಲ್ಲ.

ಆರನೆಯ ದಿನ, ಆರೂವರೆಯ ಗಾಡಿಗೆ
ನ್ಯಾರ್ ಅಲೆಗೊ ಬಂದಳು. ಅಲೆಗೊ ಸೀಮೆಯ ಮಗಳು ಅಂತ ಅರ್ಥ,
ಮದುವೆಯಾಗಿ ಬಂದವಳನ್ನು ನಾವು ತವರಿನಿಂದಲೇ ಕರೆಯುವುದು.
ತಲೆಯ ಮೇಲೆ ಒಣ ಒಮೆನಾ ಮೀನಿನ ಬೋಗುಣಿ.
ಕೈ ಎತ್ತಿದಳು. ನಿಲ್ದಾಣವಲ್ಲದ ಕಡೆ ಗಾಡಿ ನಿಂತಿತು.
ಬೋಗುಣಿಯನ್ನು ಮೂರು ಜನರ ತೊಡೆ ದಾಟಿಸಿದ ಕಂಡಕ್ಟರ್
ಇಬ್ಬರ ದುಡ್ಡು ಕೇಳಿದ.
ನಾನು ಗೀಟೆಳೆದೆ.
ಅವಳು ಕಿಟಕಿಯಿಂದ ಬಗ್ಗಿ, "ನನ್ನದೆಷ್ಟು ಬರೆದೆ?"
ಒಂದು, ಅಂದೆ.
"ಅವನಿಗೆ ಎರಡು ಕೊಟ್ಟೆನಲ್ಲ!"
ಗಾಡಿ ಹೋಯಿತು, ಮೀನಿನ ವಾಸನೆ ಉಳಿಯಿತು.
ದುಡ್ಡಿಗುಂಟು, ಲೆಕ್ಕಕ್ಕಿಲ್ಲ.

ಗುರುವಾರದ ಸಭೆ. ಮೇಜಿನ ಮೇಲೆ ನಿಲ್ದಾಣದ ಮಾದರಿ,
ಬೆರಳುದ್ದದ ಬಿಳಿ ಮನುಷ್ಯರು,
ಯಾರ ಕೈಯಲ್ಲೂ ಏನೂ ಇಲ್ಲ.
ಒಳಗೆ ಬಿಡುವ ಗೇಟಿನ ಅಗಲ ಐವತ್ತೈದು ಸೆಂಟಿಮೀಟರು.
ಬೋಗುಣಿ ಮೂರು ಗೇಣು, ಅಂದರೆ ಅರವತ್ತಾರು:
ಕಿಬುಯೆ ಸಂತೆಗೆ ಹೋಗಿ ನಾನೇ ಅಳೆದಿದ್ದೆ,
ಅವಳು ಮೀನು ಸರಿಸಿ ಅಂಚು ತೋರಿಸಿದ್ದಳು,
ಅಕ್ಕಪಕ್ಕದವರು ನಕ್ಕಿದ್ದರು, ಹೆಣ್ಣು ನೋಡಲು ಬಂದನೇ ಇವನು ಅಂತ.
ಹನ್ನೊಂದು ಸೆಂಟಿಮೀಟರು ಸಾಲದು, ಅಂದೆ.
ಹೆಬ್ಬೆರಳು ಸೇರಿಸಿದರೆ ನನ್ನ ಅಂಗೈಯಷ್ಟು.

"ತಲೆಯ ಮೇಲೆ ಹೊತ್ತರೆ ದಾಟುತ್ತದಲ್ಲ?"
ಅಂದ ಹೊರದೇಶದ ಸಲಹೆಗಾರ. ಒಳ್ಳೆಯ ಮನುಷ್ಯ.
ಅವಿನೋ ಏನೂ ಹೇಳದೆ
ತನ್ನ ಸೋಡಾ ಬಾಟಲಿಯ ಮುಚ್ಚಳ ತೆಗೆದು
ಒಬ್ಬ ಬಿಳಿ ಮನುಷ್ಯನ ತಲೆಯ ಮೇಲಿಟ್ಟಳು.
ಗೇಟು ದಾಟಿಸಿದಳು. ದಾಟಿತು.
ಬಸ್ಸಿನ ಬಾಗಿಲಿಗೆ ತಂದಳು.
ಟಕ್.
ಮುಚ್ಚಳ ಉರುಳಿ, ಮೇಜಿನ ತುದಿಯವರೆಗೂ ಹೋಗಿ,
ಸಲಹೆಗಾರನ ಮಡಿಲಿಗೆ ಬಿತ್ತು.
ಅವನು ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದ.

ನಿಲ್ದಾಣಕ್ಕೊಂದು ಅಗಲದ ಗೇಟು
ಎಂದು ನಡಾವಳಿಯಲ್ಲಿ ಬರೆದುಕೊಂಡಿದ್ದಾರೆ,
ಮುಂದೆ ಒಂದು ಪದ: ಪರಿಶೀಲಿಸುವುದು.
ಆ ಪದದೊಳಗೆ ಎಷ್ಟು ಬೋಗುಣಿ ಹಿಡಿಯುತ್ತವೋ.

ನನ್ನ ಹಾಳೆಯ ಬಲಗಡೆ ಪೆನ್ಸಿಲಿನಲ್ಲಿ
ಈಗೊಂದು ಹೊಸ ಅಂಕಣ ಇದೆ. ಮೇಲೆ "ಹೊರೆ" ಅಂತ ಬರೆದಿದ್ದೇನೆ.
ಕೋಳಿಯ ಬುಟ್ಟಿ, ಹೊಲಿಗೆ ಯಂತ್ರ, ಮಲಗಿದ ಮಗು,
ಒಬ್ಬ ಮುದುಕ ತಬ್ಬಿಕೊಂಡು ತಂದ ಕಿಟಕಿ ಗಾಜು.
ನ್ಯಾರ್ ಅಲೆಗೊ ಹತ್ತಿದಾಗ
ಎಡಕ್ಕೊಂದು, ಬಲಕ್ಕೊಂದು ಎಳೆದು ತೋರಿಸಿದೆ.
"ಹಾಗಾದರೆ ಹೊಸ ಬಸ್ಸು ನನ್ನ ಮನೆ ಮುಂದೆ ನಿಲ್ಲುತ್ತದೆ" ಅಂದಳು.

ನಿಲ್ಲುವುದಿಲ್ಲ.
ಅವಳು ಕೈ ಎತ್ತುವ ಜಾಗ
ಎರಡು ನಿಲ್ದಾಣಗಳ ಸರಿಯಾದ ಮಧ್ಯ,
ಅತ್ತ ಮುನ್ನೂರು, ಇತ್ತ ಮುನ್ನೂರು.
ಹೇಳಬೇಕು ಅವಳಿಗೆ. ಕ್ಷೌರಿಕನಿಗೂ.

ಗಡ್ಡ ಬೆಳೆದಿದೆ. ನಾಳೆ ಭಾನುವಾರ.