ಲೈನಿನಲ್ಲೇ ಇರಿ

"ಇರಪ್ಪಾ, ಕನ್ನಡಕ ಎಲ್ಲಿಟ್ಟೆನೋ ನೋಡ್ತೀನಿ"
ಎಂದು ರಿಸೀವರನ್ನು ಬ್ರೆಡ್ ಡಬ್ಬದ ಮೇಲೆ ಮಲಗಿಸಿ
ಚಹಾಕ್ಕೆ ನೀರಿಡುತ್ತೇನೆ.
ಕನ್ನಡಕ ಮೂಗಿನ ಮೇಲೇ ಇದೆ.
ಹಂಬರ್ ನದಿಯಿಂದ ಎದ್ದ ಮಂಜು ಹಲ್ ಊರನ್ನೆಲ್ಲ ಮುಚ್ಚಿದೆ,
ಬೀದಿ ತಿರುವಿನಲ್ಲಿ ಕೆನೆಬಣ್ಣದ ಹಳೆಯ ಟೆಲಿಫೋನ್ ಗೂಡು,
ಒಳಗೆ ಯಾರದೋ ಒಂಟಿ ಕೈಗವುಸು.

ಇವತ್ತಿನವನು ನನ್ನ ಬ್ಯಾಂಕಿನ ಭದ್ರತಾ ವಿಭಾಗ.
ನಿನ್ನೆ ಬ್ರಾಡ್‌ಬ್ಯಾಂಡ್. ಮೊನ್ನೆ ತೆರಿಗೆಯವರು,
ಬಾಗಿಲಿಗೆ ಪೊಲೀಸರನ್ನೇ ಕಳಿಸುವವರಿದ್ದರು,
ಬಿಸ್ಕತ್ತು ತೆಗೆದಿಟ್ಟು ಕಾದೆ.

ಎನಿಡ್ ಥ್ಯಾಕ್ರೆ ನಾನು, ಏಳನೇ ಬೋರ್ಡು,
ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ.
ದೀಪ ಹೊತ್ತಿದ ಮೂರೇ ಸೆಕೆಂಡಿಗೆ ತಂತಿ ಸಿಕ್ಕಿಸಬೇಕು.
ತಡವಾದರೆ ಮಿಸ್ ಪಿಕರಿಂಗ್
ಬೆನ್ನ ಹಿಂದೆ ಬಂದು ಕೆಮ್ಮುತ್ತಿದ್ದಳು.
ಬೈಯುತ್ತಿರಲಿಲ್ಲ. ಕೆಮ್ಮು, ಅಷ್ಟೆ.
ಊರಿನ ಮಾತೆಲ್ಲ ಕೂಡಿಸಿದ ಕೈ
ಈಗ ಕೆಡಿಸುವುದನ್ನು ಕಲಿಯುತ್ತಿದೆ,
ಎಪ್ಪತ್ತೆಂಟನೆಯ ವಯಸ್ಸಿನಲ್ಲಿ.

ಕಾರ್ಡಿನ ನಂಬರು ಕೇಳಿದರೆ
ಬೀನ್ಸ್ ಡಬ್ಬದ ಪಟ್ಟೆಗಳ ಕೆಳಗಿನ ಅಂಕಿ ಓದುತ್ತೇನೆ,
ಒಂದೊಂದಾಗಿ, ನಡುವೆ ಒಂದು ತಪ್ಪಿ,
ಅಯ್ಯೋ ಎಂದು, ಮತ್ತೆ ಮೊದಲಿನಿಂದ.
ನೋಟುಬುಕ್ಕಿನಲ್ಲಿ ಲೆಕ್ಕವಿದೆ:
ಮಾರ್ಚ್ ತಿಂಗಳು, ಹನ್ನೊಂದು ಗಂಟೆ ಆರು ನಿಮಿಷ.
ಅಷ್ಟು ಹೊತ್ತು ಮೇವಿಸ್‌ಳಂಥವರು ಬಚಾವು.

ಮೇವಿಸ್ ನನ್ನ ನಾದಿನಿ.
ಸ್ಟ್ಯಾನ್ಲಿಯ ಸಮಾಧಿಕಲ್ಲಿಗೆ ಎತ್ತಿಟ್ಟ
ನಾಲ್ಕು ಸಾವಿರದ ಇನ್ನೂರು ಪೌಂಡು
ಒಂದು ಮಧ್ಯಾಹ್ನ ಒಬ್ಬ ಸವಿಮಾತಿನವನಿಗೆ ಕೊಟ್ಟಳು.
ಫೋನಿಡುವಾಗ ಥ್ಯಾಂಕ್ಸ್ ಕೂಡ ಹೇಳಿದಳು.
ನನ್ನ ಅಣ್ಣ ಇನ್ನೂ ಮರದ ಹಲಗೆಯ ಕೆಳಗೇ ಇದ್ದಾನೆ.

ಮೇಲ್ಮನೆಯ ಪೋಲಿಷ್ ಹುಡುಗ ಬಾರ್ತೊಷ್
ಕಂಪ್ಯೂಟರ್ ರಿಪೇರಿ ಮಾಡುವವನು, ಲೆಕ್ಕ ನೋಡಿ ತಲೆ ಕೆರೆದ.
"ಡಯಲ್ ಮಾಡೋದು ಯಂತ್ರ, ಮಿಸೆಸ್ ಥ್ಯಾಕ್ರೆ.
ಒಬ್ಬನ ನಾಲಗೆ ನೀವು ಕಟ್ಟಿದರೆ
ಪಕ್ಕದ ಕುರ್ಚಿಯವನಿಗೆ ಹೋಗುತ್ತೆ ಮುಂದಿನ ಕರೆ.
ನಿಮ್ಮ ನಂಬರಿನ ಎದುರು 'ಎತ್ತುತ್ತಾಳೆ' ಅಂತ ಬರೆದು
ಇನ್ನೊಬ್ಬರಿಗೆ ಮಾರಿರುತ್ತಾರೆ."
ಸುಳ್ಳಲ್ಲ. ಜನವರಿಯಲ್ಲಿ ವಾರಕ್ಕೆ ನಾಲ್ಕಿದ್ದವು,
ಈಗ ದಿನಕ್ಕೆ ಆರು.
"ಆ ಆರೂ ನನಗೆ ಬಂದವಲ್ಲ, ಬೇರೆಯವರಿಗಲ್ಲವಲ್ಲ?" ಎಂದೆ.
"ಇದು ಕಳೆಯುವ ಲೆಕ್ಕ ಅಲ್ಲ" ಎಂದ,
ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವವಳನ್ನು ನೋಡುವಂತೆ ನೋಡಿ,
ನನ್ನ ಬಿಸ್ಕತ್ತು ತಿಂದುಕೊಂಡು.

ಇರಲಿ. ಚಹಾ ಆಯಿತು. ರಿಸೀವರ್ ಎತ್ತಿಕೊಂಡೆ.
"ಹಾಂ, ಸಿಕ್ಕಿತು. ಐದು, ಸೊನ್ನೆ, ಸೊನ್ನೆ..."
ಅತ್ತ ಬರೆದುಕೊಳ್ಳುವ ಸದ್ದಿಲ್ಲ.
ತಿಳಿದುಹೋಯಿತು ಅವನಿಗೆ. ಬೈಗುಳಕ್ಕೆ ಕಾದೆ.
ಆಗ ಅವನ ಹಿಂದೆ
ಯಾರೋ ಕೆಮ್ಮಿದರು.

ಗಂಟಲು ಸರಿಮಾಡಿಕೊಳ್ಳುವ ಕೆಮ್ಮಲ್ಲ ಅದು.

"ಇಡಬೇಡಿ ಮೇಡಂ," ಧ್ವನಿ ಇಳಿದಿತ್ತು, ಹುಡುಗನ ಧ್ವನಿ,
"ಓದುತ್ತಾ ಇರಿ."

ಇದೂ ಅವರ ಒಂದು ವರಸೆಯಿರಬಹುದು.
ಕರುಳು ಚುರುಕ್ಕೆನ್ನಿಸುವ ಪಾಠ ಎರಡನೇ ಪುಟದಲ್ಲಿರಬಹುದು.
ಓದಿದೆ.
ಬೀನ್ಸ್, ಟೊಮೇಟೊ, ನೀರು, ಸಕ್ಕರೆ, ಉಪ್ಪು.
"ಆಯ್ತು ಮೇಡಂ, ಮುಂದೆ?" ಅನ್ನುತ್ತಿದ್ದ, ಗಟ್ಟಿಯಾಗಿ,
ಮುಟ್ಟಿನ ಸದ್ದು ಮಾಡುವ ಬೆರಳಿಗೂ ಕೆಲಸ ಕೊಟ್ಟು.
ಒಣ ತಂಪಾದ ಜಾಗದಲ್ಲಿ ಇಡುವುದು. ತೆರೆದ ಮೇಲೆ ಎರಡೇ ದಿನ.
ನಲವತ್ತೇಳು ನಿಮಿಷ.
ಯಾರ ಹೊತ್ತು ಯಾರು ಕಳೆದೆವೋ,
ನೋಟುಬುಕ್ಕಿನಲ್ಲಿ ಅದಕ್ಕೆ ಕಾಲಮ್ಮಿಲ್ಲ.

ಸಂಜೆ ಮೇವಿಸ್ ಬಂದಳು, ಕೋಟು ಬಿಚ್ಚುವ ಮೊದಲೇ ಗೊಣಗಿದಳು:
"ಎರಡು ಸಲ ಮಾಡಿದೆ, ಎಂಗೇಜು, ಎಂಗೇಜು.
ಬ್ಯಾಂಕಿನಿಂದ ಅಂತ ಒಬ್ಬ ಮಾಡಿದ್ದ,
ನಿನ್ನ ಕೇಳೋಣ ಅಂತಿದ್ದೆ."
"ಆಮೇಲೆ?"
"ಆಮೇಲೇನು, ಇಟ್ಟುಬಿಟ್ಟೆ."

ರಾತ್ರಿಗೆ ಟೋಸ್ಟಿನ ಮೇಲೆ ಬೀನ್ಸ್ ಮಾಡಿದೆ.
ಡಬ್ಬ ತೊಳೆದು ಕಸಕ್ಕೆ ಹಾಕಿದ ಮೇಲೆ ನೆನಪಾಯಿತು,
ನಾಳೆಗೆ ಬೇರೆ ನಂಬರು ಹುಡುಕಬೇಕು.